ಯಾರೂ ಹೆಸರು ಕೇಳಿರದ ಹುಡುಗ ನೇಪಲ್ಸ್‌ಗೆ ಬಂದಾಗ

(ಬೆಂಗಳೂರಿನ ಫುಟ್‌ಬಾಲ್ ಪ್ರಿಯರ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೊರದೇಶದ ಹೊಸ ಆಟಗಾರ ಬಂದಾಗ ಅಭಿಮಾನಿಗಳು ಯಾಕೆ ಅಷ್ಟು ಹುಚ್ಚೆದ್ದು ಕುಣಿಯುತ್ತಾರೆ ಅನ್ನೋದರ ಬಗ್ಗೆ ಮಾತಾಡಿ ಅಂತ ಕೇಳಿದ್ದೀರಿ. ಇದಕ್ಕೆ ಹತ್ತು ಕ್ಲಬ್ಬುಗಳ ಹತ್ತು ಕಥೆ ಹೇಳಬಹುದು. ನಾನು ಹಾಗೆ ಮಾಡಲ್ಲ. ಒಂದು ಊರು, ಒಂದು ಸೀಸನ್ ಹಿಡಿದುಕೊಂಡು ಮಾತಾಡುತ್ತೇನೆ. ಊರು ಇಟಲಿಯ ನೇಪಲ್ಸ್. ಸೀಸನ್ 2022-23. ಆಟಗಾರ ಜಾರ್ಜಿಯಾ ದೇಶದ ಖ್ವಿಚಾ ಕ್ವಾರಾತ್ಸ್‌ಖೇಲಿಯಾ. ಇನ್ನು ಮುಂದೆ ಅಲ್ಲಿನ ಜನ ಕರೆಯೋ ಹಾಗೆ ಕ್ವಾರಾ ಅಂತಲೇ ಕರೆಯುತ್ತೇನೆ.

ನಾನು ಹೇಳಬೇಕು ಅಂತ ಬಂದಿರುವ ಮಾತು ಇಷ್ಟು. ದುಡ್ಡು ಸುರಿದು ತಂದ ದೊಡ್ಡ ಹೆಸರಿನ ಆಟಗಾರ ಚೆನ್ನಾಗಿ ಆಡಿದರೆ ನಮಗೆ ಸಮಾಧಾನ ಆಗುತ್ತದೆ. ಕೊಟ್ಟ ಕಾಸಿಗೆ ಮೋಸ ಆಗಲಿಲ್ಲ ಅನ್ನುವ ಸಮಾಧಾನ. ಆದರೆ ಯಾರೂ ಲೆಕ್ಕಕ್ಕೇ ಇಟ್ಟಿರದ ಹುಡುಗ ಬಂದು ಆಡಿದಾಗ ಆಗುವುದು ಬೇರೆಯೇ. ಅವನನ್ನು ನಾವೇ ಕಂಡುಹಿಡಿದೆವು ಅನ್ನಿಸುತ್ತದೆ. ಸ್ಟೇಡಿಯಂನಲ್ಲಿ ಕೂತ ಐವತ್ತು ಸಾವಿರ ಜನಕ್ಕೂ ಒಟ್ಟಿಗೆ, ಅದೇ ಕ್ಷಣದಲ್ಲಿ ಹಾಗನ್ನಿಸುತ್ತದೆ. ಇದು ದುಡ್ಡು ಕೊಟ್ಟರೆ ಸಿಗುವ ಖುಷಿ ಅಲ್ಲ.

ಮೊದಲು ಆ ವರ್ಷದ ಬೇಸಿಗೆಯಲ್ಲಿ ನೇಪಲ್ಸ್ ಎಂಥ ಮನಸ್ಥಿತಿಯಲ್ಲಿ ಇತ್ತು ಅನ್ನೋದನ್ನು ನೋಡಬೇಕು. ಯಾಕೆಂದರೆ ಖುಷಿಯ ಅಳತೆ ಗೊತ್ತಾಗೋದು ಅದಕ್ಕೆ ಮುಂಚಿನ ಬೇಸರದಿಂದ.

2021-22ರಲ್ಲಿ ಆ ಊರಿನ ಕ್ಲಬ್ ನಾಪೋಲಿ ಇಟಲಿಯ ಲೀಗ್ ಗೆಲ್ಲುವ ಹತ್ತಿರಕ್ಕೆ ಬಂದಿತ್ತು. ಏಪ್ರಿಲ್‌ನಲ್ಲಿ ಎಲ್ಲ ಕೈಬಿಟ್ಟು ಹೋಯಿತು. ಎಂಪೋಲಿ ಎಂಬ ಸಣ್ಣ ತಂಡದ ಎದುರು 80ನೇ ನಿಮಿಷದ ತನಕ 2-0 ಮುಂದಿದ್ದು ಕೊನೆಗೆ 3-2ರಲ್ಲಿ ಸೋತರು. ಕೊನೆಗೆ ಮೂರನೇ ಸ್ಥಾನ. ಮೂರನೇ ಸ್ಥಾನ ಕೆಟ್ಟದ್ದಲ್ಲ, ಆದರೆ 1990ರಿಂದ ಕಾಯುತ್ತಿರುವ ಊರಿಗೆ ಅದು ನುಂಗಲಾರದ ತುತ್ತು. ಕೋಚ್ ಲೂಚಿಯಾನೊ ಸ್ಪಲೆಟ್ಟಿಯ ಫಿಯಟ್ ಪಾಂಡಾ ಕಾರು ಅಲ್ಲಿ ಕಳುವಾಗಿತ್ತು. ಸಿಟ್ಟಿಗೆದ್ದ ಅಭಿಮಾನಿಗಳು ಒಂದು ಬ್ಯಾನರ್ ಕಟ್ಟಿದರು. ಪಾಂಡಾ ವಾಪಸ್ ಕೊಡ್ತೀವಿ, ನೀನು ಊರು ಬಿಟ್ಟು ಹೋಗು ಅಂತ ಅದರ ಅರ್ಥ. ಆ ಕೋಚ್ ಮುಂದಿನ ವರ್ಷ ಅವರಿಗೆ ಏನು ಕೊಡಲಿದ್ದಾನೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಅದರ ಮೇಲೆ ಬೇಸಿಗೆಯಲ್ಲಿ ಆಟಗಾರರು ಒಬ್ಬೊಬ್ಬರಾಗಿ ಹೊರಟರು. ನಾಯಕ ಲೊರೆಂಜೊ ಇನ್ಸಿನ್ಯೆ ಆ ಊರಿನ ಮಗ. ಅವನು ಕೆನಡಾದ ಟೊರಾಂಟೊಗೆ ಹೋದ. ಬೆಲ್ಜಿಯಂನ ಡ್ರೀಸ್ ಮರ್ಟೆನ್ಸ್ ಕ್ಲಬ್ಬಿನ ಇತಿಹಾಸದಲ್ಲೇ ಅತಿ ಹೆಚ್ಚು, 148 ಗೋಲು ಹೊಡೆದವನು. ಊರಿನವರು ಅವನಿಗೆ ಚೀರೊ ಅಂತ ತಮ್ಮದೇ ಹೆಸರಿಟ್ಟಿದ್ದರು, ಅವನು ತನ್ನ ಮಗನಿಗೂ ಅದೇ ಹೆಸರಿಟ್ಟ. ಅವನೂ ಹೋದ. ಮಿಡ್‌ಫೀಲ್ಡರ್ ಫಾಬಿಯಾನ್ ರೂಯಿಸ್ ಪ್ಯಾರಿಸ್‌ಗೆ ಹೋದ. ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಡಿಫೆಂಡರ್ ಕಾಲಿದು ಕೂಲಿಬಾಲಿ ಚೆಲ್ಸಿಗೆ ಹೊರಟದ್ದು.

ಕೂಲಿಬಾಲಿಯ ವಿಷಯ ಸ್ವಲ್ಪ ಹೇಳಲೇಬೇಕು. ಸೆನೆಗಲ್ ದೇಶದ ಪರ ಆಡುವ ಈತ ಎಂಟು ವರ್ಷ ನೇಪಲ್ಸ್‌ನಲ್ಲಿದ್ದ. 2016ರ ಫೆಬ್ರವರಿಯಲ್ಲಿ ರೋಮ್‌ನಲ್ಲಿ ಲಾಜಿಯೊ ಅಭಿಮಾನಿಗಳು ಅವನ ಮೈಬಣ್ಣ ಹಿಡಿದು ಹೀನಾಯವಾಗಿ ಕೂಗಿದರು. ಮುಂದಿನ ಪಂದ್ಯಕ್ಕೆ ನೇಪಲ್ಸ್‌ನ ಜನ ಕೂಲಿಬಾಲಿಯ ಮುಖವಾಡ ಹಿಡಿದು ಸ್ಟೇಡಿಯಂಗೆ ಬಂದರು. ಅವನನ್ನು ಬೈದರೆ ನಮ್ಮೆಲ್ಲರನ್ನೂ ಬೈದ ಹಾಗೆ ಅಂತ ಇಡೀ ಸ್ಟ್ಯಾಂಡ್ ಹೇಳಿತು. ಆ ಊರು ಹಾಗೆ ಮಾಡಿದ್ದಕ್ಕೆ ಕಾರಣ ಇದೆ. ಉತ್ತರ ಇಟಲಿಯ ಸ್ಟೇಡಿಯಂಗಳಲ್ಲಿ ನೇಪಲ್ಸ್‌ನವರಿಗೆ ಹಾಡುವ ಹಾಡೇ ಒಂದಿದೆ. ವೆಸೂವಿಯಸ್ ಜ್ವಾಲಾಮುಖಿಯೇ, ಇವರನ್ನು ಬೆಂಕಿಯಲ್ಲಿ ತೊಳೆ ಅಂತ. ಬಡವರು, ಕೊಳಕರು ಅಂತ ತಮ್ಮದೇ ದೇಶದಲ್ಲಿ ಅನ್ನಿಸಿಕೊಂಡವರು ಅವರು. ಹೊರಗಿನಿಂದ ಬಂದು ತಮ್ಮ ಪರ ನಿಂತವನನ್ನು ಅವರು ಬಿಟ್ಟುಕೊಡಲ್ಲ.

ಇಂಥ ಆಟಗಾರರು ಹೋಗಿ, ಬದಲಿಗೆ ಬಂದವರು ಯಾರು? ಟರ್ಕಿಯಿಂದ ಕೊರಿಯಾದ ಡಿಫೆಂಡರ್ ಕಿಮ್ ಮಿನ್-ಜೇ. ಮತ್ತೆ ಬಟೂಮಿಯಿಂದ 21 ವರ್ಷದ ಹುಡುಗ ಕ್ವಾರಾ. ಬಟೂಮಿ ಕಪ್ಪು ಸಮುದ್ರದ ದಡದಲ್ಲಿರುವ ಜಾರ್ಜಿಯಾದ ಊರು. ಅಲ್ಲಿನ ಲೀಗನ್ನು ಇಟಲಿಯಲ್ಲಿ ಯಾರು ನೋಡುತ್ತಾರೆ? ಕ್ಲಬ್ ಮಾಲೀಕ ಔರೇಲಿಯೊ ಡಿ ಲಾರೆಂಟಿಸ್ ಕಾಸು ಉಳಿಸೋಕೆ ತಂಡವನ್ನೇ ಬಿಚ್ಚಿ ಮಾರುತ್ತಿದ್ದಾನೆ ಅಂತ ಅಭಿಮಾನಿಗಳು ಬೀದಿಯಲ್ಲೇ ಬೈದರು.

ಹುಡುಗ ಬಟೂಮಿಯಲ್ಲಿ ಇದ್ದದ್ದು ಕೂಡ ಒಂದು ಯುದ್ಧದ ದೆಸೆಯಿಂದ. ಅವನು ಹುಟ್ಟಿದ್ದು ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ. ಅಪ್ಪ ಬದ್ರಿಯೂ ಫುಟ್‌ಬಾಲ್ ಆಟಗಾರ, ಅಜರ್‌ಬೈಜಾನ್ ಪರ ಆಡಿದವನು. ಕ್ವಾರಾ ರಷ್ಯಾದ ರೂಬಿನ್ ಕಜಾನ್ ತಂಡದಲ್ಲಿ ಆಡುತ್ತಿದ್ದ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ರಷ್ಯಾದ ಕ್ಲಬ್ಬುಗಳಲ್ಲಿದ್ದ ಹೊರದೇಶದವರು ಬಿಟ್ಟು ಹೋಗಲು ಫಿಫಾ ದಾರಿ ಮಾಡಿಕೊಟ್ಟಿತು. ಕ್ವಾರಾ ಮಾರ್ಚ್‌ನಲ್ಲಿ ತಾಯ್ನಾಡಿಗೆ ಮರಳಿ ಡಿನಾಮೊ ಬಟೂಮಿ ಸೇರಿದ. 11 ಪಂದ್ಯಗಳಲ್ಲಿ 8 ಗೋಲು. ನಾಪೋಲಿಯ ಕ್ರೀಡಾ ನಿರ್ದೇಶಕ ಕ್ರಿಸ್ಟಿಯಾನೊ ಜುಂಟೋಲಿ ಮತ್ತವರ ತಂಡ ಅವನ ಮೇಲೆ ಕಣ್ಣಿಟ್ಟಿತ್ತು. ಸುಮಾರು 1 ಕೋಟಿ ಯೂರೊಗೆ ವ್ಯವಹಾರ ಮುಗಿಯಿತು. ಅದೇ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ಬ್ರೆಜಿಲ್‌ನ ಆಂಟೊನಿ ಎಂಬ ವಿಂಗರ್‌ಗೆ, ಅಂದರೆ ಕ್ವಾರಾನಂತೆ ಮೈದಾನದ ಅಂಚಿನಲ್ಲಿ ಆಡುವವನಿಗೆ, 9.5 ಕೋಟಿ ಯೂರೊ ಕೊಟ್ಟಿತು. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ, ಅಷ್ಟು ಸಾಕು.

ಈಗ ಆಟಕ್ಕೆ ಬರೋಣ.

ಆಗಸ್ಟ್ 15. ಇಟಲಿಯಲ್ಲೂ ಅದು ದೊಡ್ಡ ರಜಾದಿನ. ನಾಪೋಲಿಯ ಮೊದಲ ಪಂದ್ಯ ವೆರೋನಾದಲ್ಲಿ. ಎದುರಾಳಿ ಮೊದಲು ಗೋಲು ಹೊಡೆದರು. 37ನೇ ನಿಮಿಷದಲ್ಲಿ ಬಲಗಡೆಯಿಂದ ಲೊಜಾನೊ ಹಾಕಿದ ಕ್ರಾಸ್‌ಗೆ ಕ್ವಾರಾ ತಲೆ ಕೊಟ್ಟ, ಗೋಲು. ಆಮೇಲೆ ಜಿಯೆಲಿನ್‌ಸ್ಕಿಗೆ ಒಂದು ಗೋಲಿನ ಪಾಸ್ ಕೊಟ್ಟ. ನಾಪೋಲಿ 5-2ರಲ್ಲಿ ಗೆದ್ದಿತು. ಸರಿ, ಒಂದು ಪಂದ್ಯ. ಒಂದು ಪಂದ್ಯದಲ್ಲಿ ಮಿಂಚಿ ಮಾಯವಾದವರನ್ನು ಎಷ್ಟು ಜನರನ್ನು ನೋಡಿಲ್ಲ ನಾವು?

ಆರು ದಿನ ಕಳೆದು ಸ್ವಂತ ನೆಲದಲ್ಲಿ ಮೊಂಜಾ ವಿರುದ್ಧ ಪಂದ್ಯ. ಈ ಪಂದ್ಯದ ಮೊದಲ ಗೋಲನ್ನು ನೀವು ಮನೆಗೆ ಹೋಗಿ ಒಮ್ಮೆ ನೋಡಿ. ಎಡಗಡೆ ಚೆಂಡು ಸಿಗುತ್ತದೆ. ಎದುರಿಗೆ ಡಿಫೆಂಡರ್ ನಿಂತಿದ್ದಾನೆ. ಕ್ವಾರಾ ಓಡಲ್ಲ. ಬೆನ್ನು ಸ್ವಲ್ಪ ಬಗ್ಗಿಸಿಕೊಂಡು, ಸಾಕ್ಸ್ ಕಣಕಾಲಿಗೆ ಜಾರಿಸಿಕೊಂಡು, ನಿಧಾನಕ್ಕೆ ಒಳಗೆ ಬರುತ್ತಾನೆ. ಬಾಕ್ಸ್‌ನ ಗೆರೆಯ ಹತ್ತಿರ ಬಲಗಾಲಿನಿಂದ ಚೆಂಡನ್ನು ತಿರುಗಿಸಿ ಬಿಡುತ್ತಾನೆ. ಅದು ಗೋಲ್‌ಕೀಪರ್‌ನ ಕೈ ದಾಟಿ ದೂರದ ಮೂಲೆಗೆ ಹೋಗಿ ಬೀಳುತ್ತದೆ. ಹೊಡೆದ ಮರುಕ್ಷಣ ಒಂದು ಸದ್ದು ಬರುತ್ತದಲ್ಲ, ಅದನ್ನು ಕೇಳಿ. ಗೋಲಿಗೆ ಬರುವ ಮಾಮೂಲಿ ಕೂಗು ಅದಲ್ಲ. ಅದರಲ್ಲಿ ಅಚ್ಚರಿ ಇದೆ. ಇವನು ಯಾರಪ್ಪಾ ಅಂತ ಪಕ್ಕದವನ ತೋಳು ಹಿಡಿದು ಕೇಳುವ ಸದ್ದು ಅದು. ಆ ದಿನ ಅವನು ಇನ್ನೊಂದು ಗೋಲೂ ಹೊಡೆದ. ತಂಡ 4-0ರಲ್ಲಿ ಗೆದ್ದಿತು.

ಅಲ್ಲಿಂದ ಶುರುವಾಯಿತು. ಕ್ವಾರಾಡೋನಾ ಅನ್ನುವ ಹೆಸರು ಎರಡು ಮೂರು ವಾರದಲ್ಲೇ ಬಾಯಿಂದ ಬಾಯಿಗೆ ಹೋಯಿತು. ನೇಪಲ್ಸ್‌ನಲ್ಲಿ ಮರಡೋನಾ ಹೆಸರನ್ನು ಸುಮ್ನೆ ಯಾರಿಗೂ ಅಂಟಿಸಲ್ಲ. 1984ರ ಜುಲೈ 5ರಂದು ಮರಡೋನಾ ಅಲ್ಲಿಗೆ ಬಂದಾಗ ಅವನನ್ನು ಬರೀ ನೋಡೋಕೆ 70 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. 1987 ಮತ್ತು 1990ರಲ್ಲಿ ಅವನು ಲೀಗ್ ಗೆದ್ದುಕೊಟ್ಟ. 2020ರಲ್ಲಿ ಅವನು ತೀರಿಕೊಂಡ ಮೇಲೆ ಸ್ಟೇಡಿಯಂಗೇ ಅವನ ಹೆಸರಿಟ್ಟರು. ಊರಿನ ಹಳೆಯ ಗಲ್ಲಿಗಳಲ್ಲಿ ಅವನ ಚಿತ್ರಕ್ಕೆ ದೀಪ ಹಚ್ಚುವವರಿದ್ದಾರೆ. ಆ ಹೆಸರಿನ ಅರ್ಧ ಭಾಗ ಕಿತ್ತು 21ರ ಹುಡುಗನಿಗೆ ಕೊಟ್ಟರು ಅಂದರೆ ಅದು ಪ್ರೀತಿಯೂ ಹೌದು, ಭಾರವೂ ಹೌದು. ನನ್ನನ್ನು ಕೇಳಿದರೆ ಅಷ್ಟು ಬೇಗ ಕೊಡಬಾರದಿತ್ತು. ಆದರೆ ಅಂಥ ಹೊತ್ತಲ್ಲಿ ಯಾರ ಮಾತು ಯಾರು ಕೇಳುತ್ತಾರೆ?

ಸೆಪ್ಟೆಂಬರ್ 7, ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿ ಚಾಂಪಿಯನ್ಸ್ ಲೀಗ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿರುದ್ಧ ಪಂದ್ಯ. ಮೂರು ತಿಂಗಳ ಹಿಂದಷ್ಟೇ ಯುರೋಪಿನ ಫೈನಲ್ ಆಡಿದ್ದ ತಂಡ. ನಮ್ಮಲ್ಲಿ ಆಗ ರಾತ್ರಿ ಹನ್ನೆರಡೂವರೆ. ಈ ಪಂದ್ಯವನ್ನು ನಿದ್ದೆಗೆಟ್ಟು ನೋಡಿದವರು ಇಲ್ಲೂ ಇದ್ದೀರಿ ಅಂತ ಕೈಗಳನ್ನು ನೋಡಿದರೆ ಗೊತ್ತಾಗುತ್ತಿದೆ. ಕ್ವಾರಾ ಎಡಗಡೆ, ಅವನ ಎದುರು ಲಿವರ್‌ಪೂಲ್‌ನ ಜೋ ಗೋಮೆಜ್ ಮತ್ತು ಅಲೆಕ್ಸಾಂಡರ್-ಆರ್ನಾಲ್ಡ್. ಪಾಪ, ಆ ರಾತ್ರಿ ಆ ಇಬ್ಬರಿಗೂ ದಾರಿಯೇ ಕಾಣಲಿಲ್ಲ. ಒಮ್ಮೆ ಕ್ವಾರಾ ಹೊಡೆದ ಚೆಂಡನ್ನು ಅವರ ಡಿಫೆಂಡರ್ ವಾನ್ ಡೈಕ್ ಗೋಲಿನ ಗೆರೆಯ ಮೇಲೆ ನಿಂತು ಉಳಿಸಿದ. ಅರ್ಧ ಗಂಟೆ ದಾಟುವಷ್ಟರಲ್ಲಿ 2-0 ಆಗಿತ್ತು. ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ಗಾಯಗೊಂಡ ನಾಪೋಲಿಯ ಸ್ಟ್ರೈಕರ್ ಒಸಿಮೆನ್ ಹೊರಗೆ ಬಂದ, ಜಿಯೊವಾನಿ ಸಿಮಿಯೋನೆ ಒಳಗೆ ಹೋದ. ಮೂರೇ ನಿಮಿಷ. ಕ್ವಾರಾ ಎಡಗಡೆ ಗೋಮೆಜ್‌ನನ್ನು ಬಿಡಿಸಿಕೊಂಡು ಒಳನುಗ್ಗಿ ಚೆಂಡನ್ನು ಅಡ್ಡಕ್ಕೆ ತಳ್ಳಿದ. ಸಿಮಿಯೋನೆ ಕಾಲು ಇಟ್ಟ, 3-0.

ಸಿಮಿಯೋನೆಗೆ ಅದು ಮೊದಲ ಚಾಂಪಿಯನ್ಸ್ ಲೀಗ್ ಪಂದ್ಯ. ಯಾವತ್ತೋ ಈ ಟೂರ್ನಿಯಲ್ಲಿ ಗೋಲು ಹೊಡೆಯುತ್ತೇನೆ ಅಂತ ಹುಡುಗನಾಗಿದ್ದಾಗಲೇ ಅದರ ಗುರುತನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ. ಆ ಹಚ್ಚೆಗೆ ಮುತ್ತಿಟ್ಟ, ಅತ್ತುಬಿಟ್ಟ. ಆಟಗಾರನೇ ಅಳುತ್ತಿದ್ದಾಗ ಸ್ಟ್ಯಾಂಡ್‌ನಲ್ಲಿದ್ದವರ ಪಾಡು ಏನಾಗಿರಬೇಡ! ಪಂದ್ಯ 4-1ರಲ್ಲಿ ಮುಗಿಯಿತು. ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೇ ಹೋಗಿ ಅಯಾಕ್ಸ್ ತಂಡಕ್ಕೆ 6-1ರಲ್ಲಿ ಹೊಡೆದರು.

ಅವನ ಆಟದಲ್ಲಿ ಅಂಥದ್ದೇನಿದೆ? ಮುಖ್ಯವಾಗಿ ಎರಡೂ ಕಾಲು ನಡೆಯುತ್ತದೆ. ಸಾಮಾನ್ಯವಾಗಿ ಎಡಗಡೆ ಆಡುವ ಬಲಗಾಲಿನ ವಿಂಗರ್ ಒಳಗೇ ಬರುತ್ತಾನೆ ಅಂತ ಡಿಫೆಂಡರ್‌ಗೆ ಗೊತ್ತಿರುತ್ತದೆ, ಆ ದಾರಿ ಮುಚ್ಚಿ ನಿಲ್ಲುತ್ತಾನೆ. ಕ್ವಾರಾ ಒಳಗೂ ಬರಬಲ್ಲ, ಗೆರೆಯ ಪಕ್ಕವೂ ಹೋಗಬಲ್ಲ. ಚೆಂಡನ್ನು ಪೂರ್ತಿ ನಿಲ್ಲಿಸಿಬಿಡುತ್ತಾನೆ. ಡಿಫೆಂಡರ್ ಕೂಡ ನಿಲ್ಲುತ್ತಾನೆ. ಈಗ ಮೊದಲು ಯಾರು ಅಲ್ಲಾಡುತ್ತಾರೆ ಅನ್ನೋದೇ ಆಟ. ಡಿಫೆಂಡರ್ ತೂಕ ಯಾವ ಕಾಲಿಗೆ ಹೋಯಿತೋ ಅದರ ಉಲ್ಟಾ ದಿಕ್ಕಿಗೆ ಇವನು ಹೋಗಿರುತ್ತಾನೆ. ಅವನಿಗೆ ಚೆಂಡು ಸಿಕ್ಕ ಕೂಡಲೇ ಸ್ಟೇಡಿಯಂನಲ್ಲಿ ಕೂತವರೆಲ್ಲ ಸೀಟಿನ ಅಂಚಿಗೆ ಬರುತ್ತಿದ್ದರು. ಗೋಲು ಬೀಳೋಕೆ ಮುಂಚೆಯೇ ಜನ ಎದ್ದು ನಿಲ್ಲುವಂತೆ ಮಾಡುವ ಆಟಗಾರರು ಬಹಳ ಕಡಿಮೆ.

2023ರ ಮಾರ್ಚ್ 11ರಂದು ಅಟಲಾಂಟಾ ವಿರುದ್ಧ ಹೊಡೆದ ಗೋಲು ಇದರ ತುತ್ತತುದಿ. ಒಸಿಮೆನ್ ಪಾಸ್ ಕೊಟ್ಟ. ಬಾಕ್ಸ್ ಒಳಗೆ ಎದುರಾಳಿಗಳು ಗುಂಪಾಗಿ ನಿಂತಿದ್ದರು. ಆ ಕಡೆ, ಈ ಕಡೆ, ಮತ್ತೆ ಆ ಕಡೆ. ಒಬ್ಬರಾದ ಮೇಲೆ ಒಬ್ಬರು ತಪ್ಪಿದರು. ಕೊನೆಗೆ ಸಿಕ್ಕ ಅಂಗೈಯಗಲ ಜಾಗದಿಂದ ಬಲೆಯ ಮೇಲ್ಭಾಗಕ್ಕೆ ಬಾರಿಸಿದ.

ಇನ್ನೊಂದು ಕಡೆಯ ಖುಷಿಯನ್ನು ನಾವು ಮರೆಯಬಾರದು. ಜಾರ್ಜಿಯಾ ಸುಮಾರು 37 ಲಕ್ಷ ಜನರ ದೇಶ. ನಮ್ಮ ಬೆಂಗಳೂರಿನ ಜನಸಂಖ್ಯೆ ಅದಕ್ಕಿಂತ ಎಷ್ಟೋ ಜಾಸ್ತಿ. ಅಲ್ಲಿನ ಬಹಳ ಹೆಂಗಸರು ಇಟಲಿಯ ಮನೆಗಳಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾರೆ, ಊರಿಗೆ ದುಡ್ಡು ಕಳಿಸುತ್ತಾರೆ. ಆ ವರ್ಷ ನೇಪಲ್ಸ್‌ನ ಸ್ಟ್ಯಾಂಡ್‌ಗಳಲ್ಲಿ ಬಿಳಿ ಮೇಲೆ ಕೆಂಪು ಶಿಲುಬೆಗಳ ಜಾರ್ಜಿಯಾ ಬಾವುಟ ಕಾಣಿಸತೊಡಗಿತು. ಇಟಲಿಯ ಎಷ್ಟೋ ಮನೆಗಳಲ್ಲಿ ಜಾರ್ಜಿಯಾದವರು ಅಂದರೆ ಕೆಲಸದವರು ಅಂತಷ್ಟೇ ಗೊತ್ತಿತ್ತು. ಈಗ ಅದೇ ಮನೆಯ ಮೊಮ್ಮಗ 77ನೇ ನಂಬರಿನ ಜರ್ಸಿ ಹಾಕಿಕೊಂಡು ಕೂತಿದ್ದ. ಇದರಿಂದ ಆ ಹೆಂಗಸರ ಸಂಬಳ ಜಾಸ್ತಿ ಆಗಲಿಲ್ಲ, ನಿಜ. ಆದರೆ ನಿಮ್ಮ ದೇಶದ ಹುಡುಗ ಚೆನ್ನಾಗಿ ಆಡಿದ ಅಂತ ಯಾರಾದರೂ ಹೇಳಿದಾಗ ಆಗುವ ಹೆಮ್ಮೆಯನ್ನು ಹೊರದೇಶದಲ್ಲಿ ದುಡಿದವರು ಬಲ್ಲರು.

ನಮ್ಮೂರಿನಲ್ಲೂ ಇದಕ್ಕೆ ಹತ್ತಿರದ ಒಂದು ಅನುಭವ ಇದೆ. 2017-18, ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಕಾಲಿಟ್ಟ ಮೊದಲ ಸೀಸನ್. ಕೋಚ್ ಆಲ್ಬರ್ಟ್ ರೋಕಾ ವೆನೆಜುವೆಲಾದ ಮಿಕು ಅನ್ನುವವನನ್ನು ಕರೆತಂದರು. ಸ್ಪೇನ್‌ನಲ್ಲಿ ಆಡಿದ್ದ, ಸ್ಕಾಟ್ಲೆಂಡಿನ ಸೆಲ್ಟಿಕ್‌ನಲ್ಲೂ ಇದ್ದ. ಆದರೆ ವಯಸ್ಸು 32. ಹೊರದೇಶದ ಆಟಗಾರರು ಇಲ್ಲಿಗೆ ನಿವೃತ್ತಿಗೆ ಬರುತ್ತಾರೆ ಅನ್ನುವ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಮಿಕು ಆ ಸೀಸನ್‌ನಲ್ಲಿ 15 ಗೋಲು ಹೊಡೆದ. ಸುನಿಲ್ ಛೇತ್ರಿ 14. ಇಬ್ಬರೂ ಒಟ್ಟಿಗೆ ಮುನ್ನುಗ್ಗಿದಾಗ ಕಂಠೀರವ ಸ್ಟೇಡಿಯಂನಲ್ಲಿ ಕಟ್ಟಾ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ನಿಂತವರಿಗೆ ಇವತ್ತು ಗೋಲು ಬೀಳುತ್ತಾ ಅನ್ನುವ ಪ್ರಶ್ನೆಯೇ ಬರುತ್ತಿರಲಿಲ್ಲ, ಎಷ್ಟು ಅನ್ನೋದಷ್ಟೇ. ಮಾರ್ಚ್ 17ರ ಫೈನಲ್ ಅದೇ ಕಂಠೀರವದಲ್ಲಿ. ಚೆನ್ನೈಯಿನ್ ಎದುರು 3-2ರಲ್ಲಿ ಸೋತೆವು. ಕೊನೇ ಗಳಿಗೆಯಲ್ಲಿ ಎರಡನೇ ಗೋಲು ಹೊಡೆದವನು ಮಿಕುವೇ. ಏಪ್ರಿಲ್‌ನಲ್ಲಿ ಭುವನೇಶ್ವರದಲ್ಲಿ ಸೂಪರ್ ಕಪ್ ಸೆಮಿಫೈನಲ್. ಹತ್ತೇ ಜನ ಉಳಿದಿದ್ದರೂ ಮೋಹನ್ ಬಗಾನ್ ವಿರುದ್ಧ ಹ್ಯಾಟ್ರಿಕ್ ಹೊಡೆದ, ಕಪ್ ನಮಗೆ ಬಂತು. ಹಲಸೂರಿನ ಗೌತಮಪುರದಂಥ ಫುಟ್‌ಬಾಲ್ ಗಲ್ಲಿಗಳಿರುವ ಊರು ಇದು. ಆಟ ಗೊತ್ತಿರುವ ಜನ. ಅವನು ಚೆಂಡನ್ನು ಮೊದಲ ಸ್ಪರ್ಶದಲ್ಲೇ ಪಳಗಿಸುವ ರೀತಿ ನೋಡಿ ಎರಡನೇ ಪಂದ್ಯದ ಹೊತ್ತಿಗೇ ಇವನು ನಿವೃತ್ತಿಗೆ ಬಂದವನಲ್ಲ ಅಂತ ಅರ್ಥ ಮಾಡಿಕೊಂಡಿದ್ದರು.

ಮತ್ತೆ ನೇಪಲ್ಸ್‌ಗೆ. 2023ರ ಮೇ 4, ಉಡಿನೇಸೆ ವಿರುದ್ಧ 1-1. ಒಂದು ಅಂಕ ಸಾಕಿತ್ತು. 33 ವರ್ಷದ ಮೇಲೆ ಲೀಗ್ ಬಂತು. ಪಂದ್ಯ ನಡೆದದ್ದು ಉಡಿನೆಯಲ್ಲಿ, ಆದರೂ ಮರಡೋನಾ ಸ್ಟೇಡಿಯಂನಲ್ಲಿ ದೊಡ್ಡ ಪರದೆ ಹಾಕಿ ಐವತ್ತು ಸಾವಿರ ಜನ ಕೂತು ನೋಡಿದರು. ಶಕುನ, ದೃಷ್ಟಿ ಎಲ್ಲ ಗಟ್ಟಿಯಾಗಿ ನಂಬುವ ಊರು ಅದು. ಗೆಲ್ಲುವ ಮುಂಚೆ ಸಂಭ್ರಮಿಸಬಾರದು ಅನ್ನುತ್ತಾರೆ. ಆ ವರ್ಷ ಮಾತ್ರ ವಾರಗಟ್ಟಲೆ ಮುಂಚೆಯೇ ಗಲ್ಲಿ ಗಲ್ಲಿಗೆ ನೀಲಿ ಬಿಳಿ ತೋರಣ ಕಟ್ಟಿದ್ದರು. ಕ್ವಾರಾ ಲೀಗ್‌ನಲ್ಲಿ 12 ಗೋಲು ಹೊಡೆದು 10 ಗೋಲು ಹೊಡೆಸಿದ್ದ. ಇಡೀ ಲೀಗ್‌ನ ಅತ್ಯುತ್ತಮ ಆಟಗಾರ ಅನ್ನುವ ಪ್ರಶಸ್ತಿ ಅವನಿಗೇ ಬಂತು.

ಮುಂದಿನ ವರ್ಷ ನಾಪೋಲಿ ಹತ್ತನೇ ಸ್ಥಾನಕ್ಕೆ ಕುಸಿಯಿತು. ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸ್ಪಲೆಟ್ಟಿ ಹೋಗಿದ್ದರು, ಕಿಮ್ ಹೋಗಿದ್ದ, ತಂಡದ ಕೊಂಡಿ ಕಳಚಿತ್ತು.

ಆದರೆ 2024ರ ಆಗಸ್ಟ್ ಕೊನೆಗೆ ಆದದ್ದನ್ನು ಹೇಳಲೇಬೇಕು. ಸ್ಕಾಟ್ಲೆಂಡ್ ಆಟಗಾರ ಸ್ಕಾಟ್ ಮೆಕ್‌ಟಾಮಿನೇ ಬಂದ. ಇವನದ್ದು ಬೇರೆ ಥರ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಚಿಕ್ಕ ಹುಡುಗನಾಗಿದ್ದಾಗಿನಿಂದ ಬೆಳೆದವನು, ಎಲ್ಲರಿಗೂ ಗೊತ್ತಿದ್ದವನು. ಕಷ್ಟಪಟ್ಟು ಓಡುತ್ತಾನೆ, ಅಷ್ಟೇ ಅನ್ನುವುದು ಇಂಗ್ಲೆಂಡಿನವರ ತೀರ್ಮಾನವಾಗಿತ್ತು. ಕೋಚ್ ಆಂಟೋನಿಯೊ ಕೊಂಟೆ ಅವನನ್ನು ಮುಂದಕ್ಕೆ ಬಿಟ್ಟರು. ಬಾಕ್ಸ್ ಒಳಗೆ ತಡವಾಗಿ ನುಗ್ಗುವ ಅವನ ಓಟವನ್ನು ಯಾರೂ ಹಿಡಿಯಲಾಗಲಿಲ್ಲ. 12 ಗೋಲು. 2025ರ ಮೇ 23ರಂದು ಕಾಲಿಯಾರಿ ವಿರುದ್ಧ ಗಾಳಿಯಲ್ಲಿ ಮೈ ಚೆಲ್ಲಿ ಹೊಡೆದ ಗೋಲಿನಿಂದ ಶುರುವಾಗಿ 2-0ರಲ್ಲಿ ಗೆದ್ದು ಮತ್ತೆ ಲೀಗ್ ಬಂತು. ಆ ಸೀಸನ್‌ನ ಅತ್ಯುತ್ತಮ ಆಟಗಾರನೂ ಅವನೇ. ಕ್ವಾರಾ ಯಾರಿಗೂ ಗೊತ್ತಿರಲಿಲ್ಲ. ಮೆಕ್‌ಟಾಮಿನೇ ಎಲ್ಲರಿಗೂ ಗೊತ್ತಿದ್ದೂ ಗೊತ್ತಿರಲಿಲ್ಲ. ಹೊಸಬನಲ್ಲಿ ಏನಿದೆ ಅಂತ ಹುಡುಕುವ ಕಣ್ಣು ಮೂರು ವರ್ಷದಲ್ಲಿ ಎರಡು ಸಲ ಆ ಊರಿಗೆ ಫಲ ಕೊಟ್ಟಿತು.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಸರ್, ಅಷ್ಟು ಪ್ರೀತಿ ಕೊಟ್ಟ ಊರನ್ನು ಬಿಟ್ಟು ಕ್ವಾರಾ 2025ರ ಜನವರಿಯಲ್ಲಿ, ಸೀಸನ್ ಮಧ್ಯದಲ್ಲೇ ಪ್ಯಾರಿಸ್‌ಗೆ ಹೋದನಲ್ಲ, ಅದು ಸರಿನಾ?

ನೇಪಲ್ಸ್‌ನವರಿಗೆ ಸಿಟ್ಟು ಬಂದಿತ್ತು, ಬರೋದು ಸಹಜ. ತಂಡ ಲೀಗ್‌ಗಾಗಿ ಹೋರಾಡುತ್ತಿದ್ದಾಗ ಹೋದ. ಆದರೆ ಕ್ಲಬ್ಬಿಗೆ ಸುಮಾರು 7 ಕೋಟಿ ಯೂರೊ ಬಂತು. ಅವನು ತಂದುಕೊಟ್ಟ ಲೀಗ್ ಅಲ್ಲೇ ಉಳಿಯಿತು. ಮೋಸ ಅನ್ನುವ ಮಾತನ್ನು ನಾನು ಬಳಸಲ್ಲ. ನಾಪೋಲಿ ಲೀಗ್ ಗೆದ್ದ ಎಂಟೇ ದಿನಕ್ಕೆ, ಮೇ 31ರಂದು, ಮ್ಯೂನಿಕ್‌ನಲ್ಲಿ ಪ್ಯಾರಿಸ್ ತಂಡ ಇಂಟರ್ ಮಿಲಾನ್ ವಿರುದ್ಧ 5-0ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಿತು. ನಾಲ್ಕನೇ ಗೋಲು ಕ್ವಾರಾನದ್ದು. ಎಡಗಡೆಯಿಂದ ಒಬ್ಬನೇ ಓಡಿ ಬಂದು ಕೆಳಕ್ಕೆ ಹೊಡೆದ. ನಾನು ಮನೆಯಲ್ಲಿ ಎದ್ದು ನಿಂತು ಕೂಗಿದೆ. ಮೈಮೇಲಿದ್ದ ಜರ್ಸಿ ಬೇರೆ ಇತ್ತು, ಆ ಓಟ ಮಾತ್ರ ನಾನು ವೆರೋನಾ ಪಂದ್ಯದಿಂದ ನೋಡುತ್ತಾ ಬಂದದ್ದೇ ಆಗಿತ್ತು. ಅವಳಿಗೂ ಅದನ್ನೇ ಹೇಳಿದೆ. ಅವಳು ಒಪ್ಪಲಿಲ್ಲ. ನಾನಾಗಿದ್ದರೆ ಮೇ ತಿಂಗಳ ತನಕ ಇರುತ್ತಿದ್ದೆ ಸರ್ ಅಂದಳು.